ಮಹಡಿ ಕೋಣೆಯ ಸಾಕ್ಷಿ

ಓನರಮ್ಮನ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೂ ಸೀಳಿತ್ತು. ಮನೆ ಕಟ್ಟಿಸುವಾಗ ಕಡಪಾ ಕಲ್ಲಿನ ಅಡಿ ಸಿಕ್ಕಿ ಬಿರಿದದ್ದು ಮತ್ತೆ ಕೂಡಿಕೊಳ್ಳಲೇ ಇಲ್ಲವಂತೆ. ಹೆದರಿಕೆಯಾದಾಗ ಆಕೆ ತೋರುಬೆರಳಿನಿಂದ ಆ ಸೀಳನ್ನು ಮೆಲ್ಲಗೆ ಉಜ್ಜುತ್ತ ಕೂರುತ್ತಿದ್ದರು. ಮುಖದಲ್ಲಿ ಮಾತ್ರ ಏನೂ ಕಾಣಿಸುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನೂ ನಮ್ಮ ಯಜಮಾನರೂ ಆರ್.ಟಿ. ನಗರದ ಅವರ ವಠಾರಕ್ಕೆ ಬಾಡಿಗೆಗೆ ಹೋದಾಗ ಅದೊಂದು ಚಾಳಿ ಅಂದುಕೊಂಡಿದ್ದೆ. ಆಮೇಲೆ ಎಷ್ಟೋ ವರ್ಷ ಕೋರ್ಟಿನ ಬೆಂಚಿನ ಮೇಲೆ ಅವರ ಪಕ್ಕ ಕೂತು ಆ ಬೆರಳನ್ನೇ ನೋಡಿದೆ.

ಧಾರವಾಡದ ಕಡೆಯವರು. ಗಂಡ ಯಶವಂತಪುರದ ಹತ್ತಿರದ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದವರು, ಮನೆ ಎದ್ದು ನಿಂತ ಮರುವರ್ಷವೇ ಎದೆನೋವಿನಿಂದ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಆಗ ಪಿಯುಸಿ ಓದುತ್ತಿದ್ದಳು. ಕೆಳಗೆ ಮೂರು ಸಣ್ಣ ಮನೆಗಳು. ಒಂದರಲ್ಲಿ ಅವರು, ಒಂದರಲ್ಲಿ ನಾವು, ಇನ್ನೊಂದರಲ್ಲಿ ಒಬ್ಬ ಮೇಷ್ಟ್ರ ಸಂಸಾರ. ಮೇಲೆ ತಾರಸಿಯ ಮೇಲೆ ಒಂಟಿ ಕೋಣೆ. ಬಾಡಿಗೆಗೆ ಇದ್ದವರೆಲ್ಲ ಆಕೆಯನ್ನು ಓನರಮ್ಮ ಎಂದೇ ಕರೆಯುತ್ತಿದ್ದೆವು. "ಓನರು ಹೋಗ್ಯಾರ, ಉಳಿದಾಕಿ ಬರೇ ಅಮ್ಮ" ಎಂದು ಆಕೆ ನಗುತ್ತಿದ್ದರು.

ಅಂಥ ಅಂಜುಬುರುಕ ಹೆಂಗಸನ್ನು ನಾನು ಕಂಡಿಲ್ಲ. ಗುಡುಗಿದರೆ ನಮ್ಮ ಮನೆಗೆ ಓಡಿಬರುತ್ತಿದ್ದರು. ಬಾಗಿಲು ತಟ್ಟಿದವರು ಯಾರೆಂದು ಕೇಳಿ, ಉತ್ತರ ಬಂದ ಮೇಲೆ ಕಿಟಕಿಯಿಂದ ಇಣುಕಿ, ಆಮೇಲೂ ಸರಪಳಿ ಹಾಕಿಕೊಂಡೇ ತೆಗೆಯುತ್ತಿದ್ದರು. ರಸ್ತೆ ದಾಟುವಾಗ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿಯುತ್ತಿದ್ದರು. ತಮಾಷೆ ಮಾಡಿದರೆ, "ಅಂಜಿಕಿ ನನ್ನ ಕೂಡ ಹುಟ್ಟೇತಿ ತಂಗಿ, ನನ್ನ ಕೂಡಾನ ಹೋಗ್ತೈತಿ" ಅನ್ನುತ್ತಿದ್ದರು.

ಎಂಬತ್ತರ ದಶಕದ ಮೊದಮೊದಲ ವರ್ಷಗಳು. ಮಹಡಿ ಕೋಣೆಗೆ ಒಬ್ಬ ಯುವಕ ಬಂದ. ಔಷಧಿ ಕಂಪನಿಯಲ್ಲಿ ಕೆಲಸ ಅಂದ. ಕೈಯಲ್ಲಿ ಚರ್ಮದ ಬ್ಯಾಗು, ಬಾಯಲ್ಲಿ ಸಿಹಿ ಮಾತು. ಓನರಮ್ಮನಿಗೆ ಅವನ ಮೇಲೆ ಬಲು ಅಕ್ಕರೆ. ರೊಟ್ಟಿ ಬಡಿದ ದಿನ ಮೇಲಕ್ಕೂ ಎರಡು ಹೋಗುತ್ತಿದ್ದವು, ಜೊತೆಗೆ ಎಣ್ಣೆಗಾಯಿ. ಸಂಜೆ ಹೊತ್ತು ಅವನನ್ನು ಹುಡುಕಿಕೊಂಡು ಯಾರು ಯಾರೋ ಬರುತ್ತಿದ್ದರು. ಪಕ್ಕದ ಮೇಷ್ಟ್ರ ತಮ್ಮನೂ ಹೋಗುತ್ತಿದ್ದ. ಓದಿ ಕೆಲಸ ಹುಡುಕುತ್ತಿದ್ದ ಹುಡುಗ. ಇಸ್ಪೀಟು ಆಡುತ್ತಾರೆ ಅಂದುಕೊಂಡೆವು. ನೋಡುನೋಡುತ್ತ ಆ ಹುಡುಗನ ಕೆನ್ನೆ ಒಳಸೇರಿತು, ಬಿಸಿಲಲ್ಲೂ ನಡುಗುತ್ತ ನಿಲ್ಲುತ್ತಿದ್ದ. ಕಾಮಾಲೆ ಇರಬೇಕೆಂದು ಮನೆಯವರು ಔಷಧಿ ಕೊಡಿಸಿದರು.

ಒಂದು ಬೆಳಿಗ್ಗೆ ಜೀಪು ಬಂದು ಗೇಟಿನ ಮುಂದೆ ನಿಂತಿತು. ಓನರಮ್ಮ ಮೆಟ್ಟಿಲ ಬುಡದಲ್ಲಿ ಬಟ್ಟೆ ಒಗೆಯುತ್ತಿದ್ದರು. ಅದಕ್ಕೆ ಸ್ವಲ್ಪ ಮೊದಲಷ್ಟೇ ಹಿಂದಿನ ಬೀದಿಯ ಆಟೋ ಭಾಯ್ ಬಂದು, "ಅಮ್ಮಾ, ಮೇಲಿನವ್ರು ಟ್ರಂಕ್ ಇಳಿಸ್ಬೇಕು ಅಂದ್ರು" ಎಂದು ಹೇಳಿ ಮೆಟ್ಟಿಲು ಹತ್ತಿದ್ದರು. ಅವರ ಹಿಂದೆಯೇ ಪೊಲೀಸರು ದಡದಡ ಏರಿದರು. ಕೋಣೆಯಲ್ಲಿ ಕಂದು ಬಣ್ಣದ ಪುಡಿಯ ಪೊಟ್ಟಣಗಳು ಸಿಕ್ಕವು. ಬ್ರೌನ್ ಶುಗರ್ ಅನ್ನುವ ಹೆಸರನ್ನು ನಾವು ಕೇಳಿದ್ದು ಅವತ್ತೇ. ಇನ್‌ಸ್ಪೆಕ್ಟರು ಓನರಮ್ಮನನ್ನು ಮೇಲೆ ಕರೆಸಿ, ಪೊಟ್ಟಣಗಳಿಗೆ ಅರಗಿನ ಮುದ್ರೆ ಹಾಕುವುದನ್ನು ತೋರಿಸಿ, ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿಸಿದರು. ಮಹಡಿಯವನ ಜೊತೆಗೆ ಆಟೋ ಭಾಯ್‌ಗೂ ಬೇಡಿ ಬಿತ್ತು.

"ಸಾಹೇಬ್ರ, ಈ ಭಾಯ್ ಈಗರ ಬಂದಾರ‍್ರಿ. ನಿಮ್ಮ ಮುಂದನ ಮೆಟ್ಟಲಾ ಹತ್ತಿದ್ರು" ಎಂದು ಓನರಮ್ಮ ನಡುಗುತ್ತ ಹೇಳಿದರು.

"ಅದೆಲ್ಲ ಕೋರ್ಟಲ್ಲಿ ಹೇಳಮ್ಮ" ಅಂದರು ಇನ್‌ಸ್ಪೆಕ್ಟರು.

ಆಕೆ ಅದನ್ನು ಕೋರ್ಟಿನಲ್ಲಿ ಹೇಳುವ ದಿನ ಬರುವ ಹೊತ್ತಿಗೆ, ಅವತ್ತು ನನ್ನ ಹೊಟ್ಟೆಯಲ್ಲಿದ್ದ ಮಗು ಶಾಲೆಗೆ ಹೋಗುತ್ತಿತ್ತು.

ಇಬ್ಬರೂ ಕೂತು ಪುಡಿಯನ್ನು ಪೊಟ್ಟಣ ಕಟ್ಟುತ್ತಿದ್ದಾಗ ಹಿಡಿದೆವು ಎಂದು ಮಹಜರಿನಲ್ಲಿ ಬರೆದಿದೆ ಎಂಬುದು ಓನರಮ್ಮನಿಗೆ ತಿಳಿದದ್ದು ಆಮೇಲೆ. ಕೇಳಿ ಎರಡು ದಿನ ಊಟ ಬಿಟ್ಟರು. "ನಾ ಓದಾಕ ಬರದಾಕಿ ಅಲ್ಲಲ್ಲ ತಂಗಿ. ಕನ್ನಡ ಓದತೀನಿ. ಆದ್ರ ಅವತ್ತ ಕಣ್ಣಿಗಿ ಅಕ್ಷರಾನ ಕಾಣಲಿಲ್ಲ. ಕೈ ತೋರಿಸಿದಲ್ಲಿ ಸಹಿ ಮಾಡಿಬಿಟ್ಟೆ" ಅಂದರು.

ಮಹಡಿಯವನಿಗೆ ದೊಡ್ಡ ವಕೀಲರು ಬಂದರು, ಬೇಗನೆ ಜಾಮೀನು ಸಿಕ್ಕಿತು, ಸಿಕ್ಕ ಮೇಲೆ ಅವನು ಊರು ಬಿಟ್ಟ. ಆಟೋ ಭಾಯ್‌ಗೆ ಜಾಮೀನು ನಿಲ್ಲುವವರು ಸಿಗದೆ ತಿಂಗಳುಗಟ್ಟಲೆ ಒಳಗಿದ್ದರು. ಹೊರಗೆ ಬಂದಾಗ ಆಟೋ ಮಾಲೀಕ ಗಾಡಿಯನ್ನು ಬೇರೆಯವರಿಗೆ ಕೊಟ್ಟಿದ್ದ. ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರಲು ಸೇರಿಕೊಂಡರು. ಯಾವಾಗಲಾದರೂ ಗೆಳೆಯನೊಬ್ಬ ತನ್ನ ಆಟೋ ಕೊಟ್ಟರೆ ಅರ್ಧ ದಿನ ಓಡಿಸುತ್ತಿದ್ದರು. ಕೇಸಿನ ದಿನ ಮಾತ್ರ ತಪ್ಪದೆ ಕೋರ್ಟಿಗೆ ಹೋಗುತ್ತಿದ್ದರು. ಅಟೆಂಡರು ಮಹಡಿಯವನ ಹೆಸರನ್ನು ಮೂರು ಸಲ ಕೂಗುತ್ತಿದ್ದ. ಅವನು ಇಲ್ಲ. ಮತ್ತೆ ವಾರಂಟು, ಮತ್ತೊಂದು ದಿನ. ಅವನು ಸಿಗದೆ ಕೇಸು ಮುಂದಕ್ಕೆ ಹೋಗುವಂತಿಲ್ಲ. ಹೀಗೆಯೇ ಒಂದೆರಡು ವರ್ಷ ಕಳೆದವು. ಅಷ್ಟರಲ್ಲಿ ಮೇಷ್ಟ್ರ ತಮ್ಮ ಹೆಬ್ಬಾಳದ ಕೆರೆ ಏರಿಯ ಮೇಲೆ ಹೆಣವಾಗಿ ಸಿಕ್ಕ. ತೋಳಿನ ತುಂಬ ಸೂಜಿಯ ಕಲೆ. ಮೇಷ್ಟ್ರು ಮನೆ ಖಾಲಿ ಮಾಡಿಕೊಂಡು ಹೋದರು. ಅವರ ಸಾಮಾನಿನ ಗಾಡಿ ಹೋಗುವುದನ್ನು ಓನರಮ್ಮ ಗೇಟಿನಲ್ಲಿ ನಿಂತು ನೋಡಿದರು. ಒಳಗೆ ಬಂದು ನನಗೆ ಅಂದದ್ದು ಒಂದೇ ಮಾತು: "ಕೆರಿ ಏರಿ ಮ್ಯಾಲ ಅಲ್ಲ ತಂಗಿ, ನನ್ನ ಮಾಳಗಿ ಮ್ಯಾಲ ಸತ್ತ ಆ ಹುಡುಗ."

ಆಮೇಲೆ ಮಹಡಿಯವನು ಬೊಂಬಾಯಿಯಲ್ಲಿ ಸಿಕ್ಕ. ಕರೆತಂದರು. ಮತ್ತೆ ಜಾಮೀನು. ಆದರೆ ಕೇಸು ಚಲಿಸಿತು, ಓನರಮ್ಮನಿಗೆ ಮೊದಲ ಸಮನ್ಸು ಬಂತು. ಅದಾದ ಮೂರು ನಾಲ್ಕು ದಿನಕ್ಕೆ ಬಿಳಿ ಅಂಗಿ ತೊಟ್ಟ, ನಡುವಯಸ್ಸಿನ, ಸಂಭಾವಿತನಂತೆ ಕಾಣುವ ಒಬ್ಬ ಬಂದು ಗೇಟಿನ ಹೊರಗೆ ನಿಂತ. ನಾನು ಅಂಗಳದಲ್ಲಿ ಮಗುವಿಗೆ ಊಟ ಮಾಡಿಸುತ್ತಿದ್ದೆ.

"ಅಮ್ಮಾ, ಮೇಲೆ ರೂಮ್ ಖಾಲಿ ಇದ್ಯಂತೆ?"

"ಇಲ್ರಿ, ಅದನ್ನ ಬಾಡಗಿಗೆ ಕೊಡಾಂಗಿಲ್ಲ" ಅಂದರು ಓನರಮ್ಮ ಸರಪಳಿಯ ಸಂದಿನಿಂದ.

"ಇರ್ಲಿ ಬಿಡಿ. ಒಬ್ರೇ ಇರ್ತೀರ, ಜಾಗ್ರತೆಯಾಗಿರ್ಬೇಕು. ಮಗಳು ಕಾಲೇಜಿಂದ ಬರೋದು ಲೇಟಾಗುತ್ತಲ್ವಾ? ಪಾಪ, ಮೇಖ್ರಿ ಸರ್ಕಲ್ಲಲ್ಲಿ ಬಸ್ಸಿಗೆ ಎಷ್ಟೊತ್ತು ನಿಂತಿರುತ್ತೆ ಮಗು."

ಅಷ್ಟೇ ಹೇಳಿ ಕೈಮುಗಿದು ಹೋದ. ಒಂದು ಕೆಟ್ಟ ಮಾತಿಲ್ಲ. ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಓನರಮ್ಮ ಬಾಗಿಲಿಗೆ ಒರಗಿ ಉಗುರು ಉಜ್ಜುತ್ತಿದ್ದರು.

ಮರುವಾರವೇ ಮಗಳನ್ನು ಹುಬ್ಬಳ್ಳಿಗೆ, ತಮ್ಮನ ಮನೆಗೆ ಕಳಿಸಿದರು. ಬಿ.ಎ. ಕೊನೆಯ ವರ್ಷ. "ಪರೀಕ್ಷಿ ಆದ್ರೂ ಮುಗೀಲಿ ಯವ್ವಾ" ಎಂದು ಅವಳು ಅತ್ತಳು. "ಮಾಮಿಗೆ ಆರಾಮಿಲ್ಲ, ಕೈಗೆ ಒಬ್ರು ಬೇಕು, ಸುಮ್ನ ಹೋಗು" ಎಂದು ಓನರಮ್ಮ ಕಲ್ಲಿನ ಹಾಗೆ ನಿಂತರು. ನನ್ನಿಂದ ಭಾಷೆ ತೆಗೆದುಕೊಂಡಿದ್ದರು: "ಖರೇ ಸಂಗತಿ ಹೇಳಿದ್ರ ಆಕಿ ನನ್ನ ಬಿಟ್ಟು ಹೋಗಂಗಿಲ್ಲ. ನೀ ಬಾಯಿ ಬಿಡಬ್ಯಾಡ." ಮಗಳು ಹೋದ ದಿನ ನಾನು ಆಫೀಸಿನಲ್ಲಿದ್ದೆ. ಸಂಜೆ ಬಂದಾಗ ಅವರ ಮನೆಯ ಬಾಗಿಲು ಹಾಕಿತ್ತು, ದೀಪ ಇರಲಿಲ್ಲ. ಮುಂದೆ ಆ ಹುಡುಗಿಗೆ ಅಲ್ಲೇ ಮದುವೆಯಾಯಿತು. ಓನರಮ್ಮ ನೆಂಟರ ಹಾಗೆ ಹೋಗಿ ಅಕ್ಷತೆ ಹಾಕಿ ಬಂದರು. ಓನರಮ್ಮ ಇರುವತನಕ ಅವಳು ಮತ್ತೆ ಈ ಮನೆಗೆ ಬರಲಿಲ್ಲ.

ಇನ್ನು ಕೋರ್ಟು. ಸಮನ್ಸು ಬಂದ ದಿನಗಳಲ್ಲಿ ನಾನು ರಜೆ ಹಾಕಿ ಜೊತೆಗೆ ಹೋಗುತ್ತಿದ್ದೆ. ಒಬ್ಬರೇ ಬಸ್ಸು ಹತ್ತಲು ಅವರಿಗೆ ಧೈರ್ಯವಿರಲಿಲ್ಲ. ಗಂಜಿ ಹಾಕಿದ ಬಿಳಿ ಸೀರೆ, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ, ಶೇಂಗಾ ಚಟ್ನಿ. ಇಡೀ ದಿನ ಕಾರಿಡಾರಿನ ಬೆಂಚಿನ ಮೇಲೆ. ಎದುರುಗಡೆ ಅದೇ ಕಾರಿಡಾರಿನಲ್ಲಿ ಮಹಡಿಯವನು ಗೋಡೆಗೆ ಒರಗಿ ನಿಂತಿರುತ್ತಿದ್ದ, "ಆಂಟಿ, ಆರಾಮಾ?" ಎಂದು ಹಳೇ ಸಲಿಗೆಯಿಂದ ನಗುತ್ತಿದ್ದ. ಒಮ್ಮೆ ಜಡ್ಜರಿಗೆ ರಜೆ. ಒಮ್ಮೆ ಅವನ ವಕೀಲರಿಗೆ ಬೇರೆ ಕೋರ್ಟಿನಲ್ಲಿ ಕೆಲಸ. ಇನ್ನೊಮ್ಮೆ ಮುದ್ರೆ ಹಾಕಿದ ಪೊಟ್ಟಣಗಳನ್ನು ಉಗ್ರಾಣದಿಂದ ತಂದಿರಲಿಲ್ಲ. ಪುಡಿಯನ್ನು ಪರೀಕ್ಷೆ ಮಾಡಿದ ಅಧಿಕಾರಿಗೆ ವರ್ಗವಾಗಿ ವಿಳಾಸ ಸಿಗಲಿಲ್ಲ ಎಂದು ಒಂದಿಡೀ ಬೇಸಿಗೆ ಹೋಯಿತು. ಸಂಜೆಯಾಗುವಾಗ ಯಾರೋ ಬಂದು, "ಹೋಗ್ರಮ್ಮ, ಡೇಟ್ ಆಯ್ತು" ಅನ್ನುತ್ತಿದ್ದರು. ಬಸ್ಸಿನಲ್ಲಿ ಓನರಮ್ಮ, "ಇವತ್ತ ಪಾರಾದೆ" ಅಂತ ಉಸಿರು ಬಿಡುವರು. ಮನೆ ಮುಟ್ಟುವ ಹೊತ್ತಿಗೆ ಅದು ಪಾರಾದದ್ದಲ್ಲ, ಅದೇ ಹೆದರಿಕೆಯನ್ನು ಇನ್ನೊಂದು ದಿನಕ್ಕೆ ಹೊತ್ತು ತಂದದ್ದು ಎಂದು ಅವರಿಗೂ ಗೊತ್ತಾಗುತ್ತಿತ್ತು.

ಪ್ರತಿ ಸಮನ್ಸಿನ ಹಿಂದೆಯೇ ಬಿಳಿ ಅಂಗಿಯವನು ಬರುತ್ತಿದ್ದ. ಆಮೇಲಾಮೇಲೆ ಮಾತನ್ನೂ ಬಿಡಿಸಿ ಹೇಳಿದ. "ಎಷ್ಟೋ ವರ್ಷ ಆಯ್ತು, ಯಾರ ಮುಖಾನೂ ನೆನಪಿಲ್ಲ ಅಂದ್ಬಿಡಿ. ನಿಮ್ಮ ಆಟೋ ಭಾಯೂ ಬಚಾವಾಗ್ತಾನೆ, ನೀವೂ ನೆಮ್ಮದಿಯಾಗಿರ್ತೀರ." ಸಮನ್ಸು ತಂದ ಪೇದೆ ಹೇಳಿದ್ದು ಬೇರೆ: "ಮಹಜರಲ್ಲಿ ಇರೋದನ್ನೇ ಹೇಳಿ ಅಮ್ಮ. ಭಾಯ್ ಆಮೇಲೆ ಬಂದ ಗೀಮೇಲೆ ಬಂದ ಅಂದ್ರೆ ಸುಳ್ಳು ಸಾಕ್ಷಿ ಅಂತ ನಿಮ್ಮ ಮೇಲೇ ಕೇಸ್ ಆಗುತ್ತೆ." ಎರಡೂ ಕಡೆಯವರಿಗೆ ಬೇಕಾದದ್ದು ಒಂದೊಂದು ಸುಳ್ಳು. ಎರಡಕ್ಕೂ ಆಕೆ ಒಂದೇ ಸಮ ಹೆದರಿದರು.

ಅಷ್ಟರಲ್ಲಿ ಮಾದಕ ವಸ್ತುವಿಗೆ ಹೊಸ ಕಾನೂನು ಬಂತು, ಇನ್ನು ಮೇಲೆ ಹತ್ತು ವರ್ಷ ಸಜೆಯಂತೆ ಎಂಬ ಸುದ್ದಿ ಹಬ್ಬಿತು. ಭಾಯ್ ಹೆಂಡತಿ ಮಧ್ಯಾಹ್ನದ ಬಿಸಿಲಲ್ಲಿ ಓಡಿಬಂದು ಓನರಮ್ಮನ ಕಾಲು ಹಿಡಿದರು.

"ಅಮ್ಮಾ, ಹತ್ತು ವರ್ಷ ಅಂತೆ! ನಾವು ಎಲ್ಲಿ ಹೋಗೋದು? ನೆನಪಿಲ್ಲ ಅಂದ್ಬಿಡಿ ಅಮ್ಮಾ. ಒಂದೇ ಮಾತು. ನಮ್ಮೋರು ಮನೆಗೆ ಬರ್ತಾರೆ."

ಹಳೇ ಕೇಸಿಗೆ ಹಳೇ ಕಾನೂನೇ ಎಂದು ವಕೀಲರೊಬ್ಬರನ್ನು ಕೇಳಿ ಬಂದು ನಾನು ಹೇಳಿದ ಮೇಲೆ ಭಾಯ್ ಹೆಂಡತಿಗೆ ಸ್ವಲ್ಪ ಸಮಾಧಾನವಾಯಿತು. ಆದರೆ ಓನರಮ್ಮ ಅವತ್ತು ಆಕೆಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆಕೆ ಹೋದ ಮೇಲೆ ನನ್ನನ್ನು ಕೇಳಿದರು: "ನೆನಪಿಲ್ಲ ಅಂದ್ರ ಭಾಯ್ ಉಳೀತಾನ ಖರೆ. ಆದ್ರ ಆ ಇನ್ನೊಬ್ಬ ನಾಳೆ ಮತ್ತೊಬ್ಬರ ಮಾಳಗಿ ಹುಡುಕ್ಕೊಂಡು ಹೋಗ್ತಾನ. ಅಲ್ಲೂ ಒಬ್ಬ ಮೇಷ್ಟ್ರ ತಮ್ಮ ಇರ್ತಾನ. ಏನ್ ಮಾಡ್ಲಿ ತಂಗಿ?"

ಕೊನೆಗೂ ಒಂದು ದಿನ ಅವರ ಹೆಸರನ್ನು ಕೂಗಿದರು. ಕಟಕಟೆಯಲ್ಲಿ ನಿಂತು, ನೆಲ ನೋಡುತ್ತ, ಪಿಸುಮಾತಿನಲ್ಲಿ ಹೇಳಿದರು. ಜಡ್ಜರು "ಜೋರಾಗಿ ಹೇಳಿ" ಎಂದು ಮತ್ತೆ ಮತ್ತೆ ಅನ್ನಬೇಕಾಯಿತು. ಕೋಣೆ ಕೊಟ್ಟದ್ದು ಇವನಿಗೇ. ಪುಡಿ ಸಿಕ್ಕದ್ದು ನನ್ನ ಕಣ್ಣೆದುರಿಗೇ. ಈ ಭಾಯ್ ಬಂದದ್ದು ಪೊಲೀಸರಿಗಿಂತ ಒಂದು ಗಳಿಗೆ ಮುಂಚೆ, ಟ್ರಂಕು ಇಳಿಸಲಿಕ್ಕೆ. ಸರ್ಕಾರಿ ವಕೀಲರ ಮುಖ ಸಿಂಡರಿಸಿತು. ಮಹಡಿಯವನು ಮೊದಲ ಸಲ ನಗಲಿಲ್ಲ. ಅವನ ವಕೀಲರು ಎದ್ದು ಪಾಟೀಸವಾಲಿಗೆ ಇನ್ನೊಂದು ದಿನ ಬೇಕು ಅಂದರು. ಕೊಟ್ಟರು. ಆ ಇನ್ನೊಂದು ದಿನ ಬಂದದ್ದು ಒಂದು ವರ್ಷದ ಮೇಲೆ.

ಆ ವರ್ಷದಷ್ಟು ಕೆಟ್ಟ ವರ್ಷವನ್ನು ನಾನು ಕಂಡಿಲ್ಲ. ಅರ್ಧ ಸಾಕ್ಷಿ ಹೇಳಿಯಾಗಿದೆ, ಇನ್ನರ್ಧ ಬಾಕಿ. ಬಿಳಿ ಅಂಗಿಯವನು ಬರುವುದನ್ನು ನಿಲ್ಲಿಸಿದ. ಅದಕ್ಕೇ ಹೆಚ್ಚು ಭಯವಾಯಿತು. ಒಂದು ಮಧ್ಯಾಹ್ನ ತಾರಸಿಗೆ ಬಟ್ಟೆ ತರಲು ಹೋದೆ. ತಂತಿಯ ಮೇಲೆ ನಮ್ಮವರ ಅಂಗಿ, ಮಗುವಿನ ಚಡ್ಡಿ ಎಲ್ಲ ಹಾಗೇ ಇದ್ದವು. ಓನರಮ್ಮ ಕೋರ್ಟಿಗೆ ಉಡುವ ಬಿಳಿ ಸೀರೆ ಮಾತ್ರ ನಡುವಿಗೆ ಸರಿಯಾಗಿ ಎರಡು ತುಂಡಾಗಿತ್ತು. ಕತ್ತರಿಯಿಂದ ನೀಟಾಗಿ ಕತ್ತರಿಸಿ, ಎರಡು ತುಂಡನ್ನೂ ಮತ್ತೆ ಕ್ಲಿಪ್ಪು ಹಾಕಿ ಒಣಗಹಾಕಿದ್ದರು. ಹಗಲು ಹೊತ್ತಿನಲ್ಲಿ, ನಾವೆಲ್ಲ ಮನೆಯಲ್ಲಿದ್ದಾಗ.

ಪೊಲೀಸರು ಬಂದು ನೋಡಿ, "ಯಾರೋ ಪುಂಡ ಹುಡುಗ್ರು ಕಣಮ್ಮ" ಎಂದು ಹೋದರು. ನಮ್ಮ ಯಜಮಾನರು ಅವತ್ತೇ ಹೇಳಿದರು, "ಮಗು ಇರೋ ಮನೆ. ಪುಟ್ಟೇನಹಳ್ಳಿ ಕಡೆ ಒಂದ್ಮನೆ ನೋಡಿದ್ದೀನಿ. ಹೋಗ್ಬಿಡೋಣ." ಓನರಮ್ಮನಿಗೆ ಹೇಳಲು ಹೋದೆ. ನಾನು ಬಾಯಿ ತೆಗೆಯುವ ಮುಂಚೆ ಅವರೇ ಅಂದರು: "ಹೋಗ್ರಿ ನೀವು. ಸಣ್ಣ ಕೂಸು ಐತಿ. ನಾ ಏನೂ ಅನ್ಕೊಳಾಂಗಿಲ್ಲ. ನಾ ನಿಮ್ಮ ಜಾಗಾದಾಗ ಇದ್ರ ಎಂದೋ ಹೋಗಿರ್ತಿದ್ದೆ." ಅದನ್ನು ಕೇಳಿದ ಮೇಲೆ ನನಗೆ ಹೋಗಲಾಗಲಿಲ್ಲ. ನಮ್ಮವರ ಜೊತೆ ಜಗಳವಾಡಿ ಉಳಿದೆ. ಉಳಿದವಳು ಧೈರ್ಯವಾಗಿಯೇನೂ ಇರಲಿಲ್ಲ; ಮಗುವನ್ನು ಶಾಲೆಗೆ ಬಿಟ್ಟು ಆಫೀಸಿಗೆ ಹೋಗುವಾಗ ನೂರು ಸಲ ಹಿಂತಿರುಗಿ ನೋಡುತ್ತಿದ್ದೆ.

ಪಾಟೀಸವಾಲಿನ ದಿನ ಓನರಮ್ಮ ನನ್ನ ಸೀರೆಯೊಂದನ್ನು ಉಟ್ಟು ಬಂದರು. ದೊಡ್ಡ ವಕೀಲರು ಬಹಳ ಹೊತ್ತು ಪ್ರಶ್ನೆ ಕೇಳಿದರು. ಕಣ್ಣು ಮಂಜಾಗಿದೆಯಲ್ಲವೆ? ವರ್ಷಗಳೆಷ್ಟೋ ಆದವಲ್ಲವೆ? ಅವತ್ತು ಈ ಯುವಕ ಯಾವ ಬಣ್ಣದ ಅಂಗಿ ಹಾಕಿದ್ದ?

"ನೆನಪಿಲ್ರಿ."

"ಅಂಗಿ ನೆನಪಿಲ್ಲ, ಮುಖ ಹೇಗೆ ನೆನಪಿದೆ?"

ಓನರಮ್ಮ ಕಟಕಟೆಯ ಕಂಬಿ ಹಿಡಿದುಕೊಂಡರು. "ನನ್ನ ಗಂಡ ತೀರಿಕೊಂಡ ದಿನ ನಾ ಯಾವ ಸೀರಿ ಉಟ್ಟಿದ್ದೆ, ಅದೂ ನೆನಪಿಲ್ರಿ. ಆದ್ರ ತೀರಿಕೊಂಡಿದ್ದು ನೆನಪೈತಿ."

ವಕೀಲರು ದಾರಿ ಬದಲಿಸಿದರು. "ನೀವು ನಡುಗ್ತಾ ಇದ್ದೀರಿ. ಪೊಲೀಸರಿಗೆ ಹೆದರಿ ಹೇಳ್ತಿದ್ದೀರಿ, ಅಲ್ವಾ?"

"ಅಂಜಿಕಿ ಐತ್ರಿ. ಪೊಲೀಸರದೂ ಐತಿ, ನಿಮ್ಮ ಕಡಿಯವರದೂ ಐತಿ. ಅಂಜಿಕಿ ಐತಂತ ಕಂಡದ್ದು ಕಾಣಲಿಲ್ಲ ಅನ್ನಾಕ ಬರತೈತೇನ್ರಿ?"

ಇಳಿದು ಬಂದವರು ನನ್ನ ಪಕ್ಕ ಕುಸಿದು ಕೂತರು. ನೀರು ಕೊಟ್ಟರೆ ಲೋಟ ಹಲ್ಲಿಗೆ ತಾಗಿ ಕಟಕಟ ಅಂದಿತು.

ಅಲ್ಲಿಗೂ ಮುಗಿಯಲಿಲ್ಲ. ಆ ಜಡ್ಜರಿಗೆ ವರ್ಗವಾಯಿತು. ಹೊಸಬರು ಬಂದು ವಾದವನ್ನೆಲ್ಲ ಮೊದಲಿನಿಂದ ಕೇಳಿದರು. ತೀರ್ಪು ಬಂದದ್ದು ದಶಕ ಮುಗಿಯುವ ಹೊತ್ತಿಗೆ. ಮಹಡಿಯವನಿಗೆ ಶಿಕ್ಷೆ, ಆಟೋ ಭಾಯ್ ಬಿಡುಗಡೆ. ಹೊರಗೆ ಬಂದ ಭಾಯ್ ಕಾರಿಡಾರಿನಲ್ಲಿ ನಿಂತು ತಮ್ಮ ಕೈಗಳನ್ನೇ ನೋಡಿಕೊಂಡರು. ಕೂದಲು ಬೆಳ್ಳಗಾಗಿತ್ತು, ಮೂಟೆ ಹೊತ್ತು ಬೆನ್ನು ಬಾಗಿತ್ತು.

"ತಪ್ಪು ಮಾಡಿದ್ರೂ ಇಷ್ಟೊತ್ತಿಗೆ ಸಜಾ ಮುಗ್ಸಿ ಮನೆಗೆ ಬಂದ್ಬಿಟ್ಟಿರ್ತಿದ್ದೆ ಅಮ್ಮಾ" ಅಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಓನರಮ್ಮ ಅವರ ಮುಂದೆ ಎರಡೂ ಕೈ ಜೋಡಿಸಿದರು. "ಓದದ ಸಹಿ ಮಾಡಿದೆ ಭಾಯ್" ಅಂದರು. ಭಾಯ್ ಆ ಕೈಗಳನ್ನು ಹಿಡಿದು ಇಳಿಸಿದರು.

ಮಹಡಿಯವನು ಹೈಕೋರ್ಟಿಗೆ ಮೇಲ್ಮನವಿ ಹಾಕಿ ಕೆಲವೇ ದಿನಗಳಲ್ಲಿ ಜಾಮೀನಿನ ಮೇಲೆ ಹೊರಗೆ ಬಂದ. ಹಾಗಾಗಿ ಓನರಮ್ಮನ ಬಾಗಿಲ ಸರಪಳಿ ಕೊನೆಯತನಕ ಇಳಿಯಲಿಲ್ಲ. ತೀರ್ಪಾದ ಮರುವರ್ಷ ಚಳಿಗಾಲದಲ್ಲಿ, ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡರು. ಮೇಲ್ಮನವಿ ಆಗಲೂ ಬಾಕಿ ಇತ್ತು.

ಹುಬ್ಬಳ್ಳಿಯಿಂದ ಮಗಳು ಬಂದಳು. ಮಾಡಬೇಕಾದದ್ದನ್ನೆಲ್ಲ ಮಾಡಿದಳು, ಕಣ್ಣಲ್ಲಿ ಒಂದು ಹನಿ ಇಲ್ಲ. ಮೂರನೆಯ ದಿನ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದಳು: "ಅಕ್ಕಾರ, ಅವ್ವಗ ನಾ ಬ್ಯಾಡಾಗಿದ್ದೆ. ಮಾಮಿಗೆ ಆರಾಮ ಇತ್ತು, ನಾ ಹೋದ ದಿನಾನ ನನಗ ಗೊತ್ತಾತು. ಯಾಕ ಕಳಿಸಿದ್ಲು ಅಂತ ಈ ತನಕಾ ತಿಳೀಲಿಲ್ಲ."

ಭಾಷೆ ತೆಗೆದುಕೊಂಡಿದ್ದವರು ಹೋಗಿದ್ದರು. ನಾನು ಎಲ್ಲವನ್ನೂ ಹೇಳಿದೆ. ಬಿಳಿ ಅಂಗಿಯವನನ್ನು, ಮೇಖ್ರಿ ಸರ್ಕಲ್ಲಿನ ಮಾತನ್ನು, ಕತ್ತರಿಸಿದ ಸೀರೆಯನ್ನು. ಅವಳು ಕಲ್ಲಿನಂತೆ ಕೇಳಿದಳು, ಅವ್ವನ ಹಾಗೆಯೇ.

ಮೂರು ದಿನದಿಂದ ಆಟೋ ಭಾಯ್ ಬಂದು ಗೇಟಿನ ಹೊರಗೆ ನಿಂತು ಹೋಗುತ್ತಿದ್ದರು. ಅವತ್ತೂ ನಿಂತಿದ್ದರು. ಅವಳು ಎದ್ದು ಹೋಗಿ, "ಹೊರಗ್ಯಾಕ ನಿಂತೀರಿ ಭಾಯ್, ಒಳಗ ಬರ್ರಿ" ಎಂದು ಕರೆತಂದಳು. ಅವರು ಗೋಡೆ ಬದಿಗೆ ಕುಕ್ಕುರುಗಾಲಲ್ಲಿ ಕೂತರು. ಅವಳ ಮುಖ ನೋಡಿ ಹೇಳಿದರು.

"ನೀವು ಊರಿಗೆ ಹೋದ ದಿನ ಯಶವಂತಪುರ ಸ್ಟೇಷನ್ನಿಗೆ ಬಿಟ್ಟಿದ್ದು ನಾನೇ ಅಲ್ವಾ ಮಗಳೇ. ದೋಸ್ತ್‌ದು ಆಟೋ. ನಿಮ್ಮನ್ನ ರೈಲಿಗೆ ಹತ್ತಿಸಿ, ಅದು ಹೊರಡೋಕೆ ಮುಂಚೇನೇ ಅಮ್ಮ ವಾಪಸ್ ಬಂದು ಕೂತ್ರು. ಅರ್ಧ ದಾರಿಗೆ ಬಂದಿದ್ವಿ, 'ಭಾಯ್, ತಿರುಗಸು, ನಾ ಆಕೀನ ಕಳಸಂಗಿಲ್ಲ, ಕರಕೊಂಡ್ ಬರೂಣು' ಅಂದ್ಬಿಟ್ರು. ತಿರುಗಿಸ್ದೆ. ಎಷ್ಟು ಜೋರಾಗಿ ಓಡಿಸಿದ್ನೋ ನಂಗೇ ಗೊತ್ತಿಲ್ಲ. ಸ್ಟೇಷನ್ ಮುಟ್ಟಿದಾಗ ರೈಲು ಹೋಗಿತ್ತು."

ಈ ಸಂಗತಿ ನನಗೂ ಗೊತ್ತಿರಲಿಲ್ಲ.

"ಆಮೇಲ?" ಎಂದು ಮಗಳು ಕೇಳಿದಳು.

"ಕತ್ತಲಾಗೋವರ್ಗೂ ಪ್ಲಾಟ್‌ಫಾರ್ಮ್ ಮೇಲೇ ಕೂತಿದ್ರು. ಹೋಗೋಣ ಅಮ್ಮಾ ಅಂದ್ರೆ, 'ಇನ್ನೊಂದು ಚೂರು ಕೂಡ್ತೀನಿ' ಅಂತಿದ್ರು."

ಆಗ ಅವಳು ಅತ್ತಳು.